ಸೀಳಿದ ಸಭೆಯಲ್ಲಿ ಪಾಲಕರಿಗಾಗಿ ಎತ್ತುವ ಕೈ

(ಓದತಕ್ಕ ವೇದಭಾಗಗಳು: ವಿಮೋಚನಕಾಂಡ 17:8-13, ಇಬ್ರಿಯರಿಗೆ 13:17-18)



ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವ ದಿನ ಹೇಗಿರುತ್ತದೆಂಬದನ್ನು ನೀವೆಲ್ಲರೂ ನೋಡಿದ್ದೀರಿ. ಪಂಚರು ಕಟ್ಟೆಯ ಮೇಲೆ ಕೂತುಕೊಳ್ಳುತ್ತಾರೆ. ಹೊಲಕ್ಕೆ ಹಗ್ಗ ಹಿಡಿಯುತ್ತಾರೆ. ಎತ್ತು, ಬಂಡಿ, ಕೂರಿಗೆಗಳನ್ನು ಎಣಿಸುತ್ತಾರೆ. ಹಗೇವಿನ ಜೋಳವನ್ನು ಅಳೆದು ಎರಡು ರಾಶಿ ಮಾಡುತ್ತಾರೆ. ಎಲ್ಲಾ ಮುಗಿದ ಮೇಲೆ ಪಡಸಾಲೆಯ ಮೂಲೆಯಲ್ಲಿ ಸುಮ್ಮನೆ ಕೂತಿರುವ ಮುದಿತಾಯಿಯ ನೆನಪು ಯಾರಿಗೋ ಬರುತ್ತದೆ. ಆಕೆ ಯಾರ ಪಾಲಿಗೆ? ಹಿರಿಯನ ಮನೆಯಲ್ಲಿ ಉಂಡರೆ ಕಿರಿಯನು ಮುಖ ತಿರುಗಿಸುತ್ತಾನೆ. ಕಿರಿಯನ ಮನೆಯಲ್ಲಿ ಮಲಗಿದರೆ ಹಿರಿಯ ಸೊಸೆ ಮಾತಾಡುತ್ತಾಳೆ. ಇಬ್ಬರನ್ನೂ ಹೆತ್ತ ತಪ್ಪಿಗಾಗಿ ಆಕೆಯು ಎರಡು ಮನೆಯ ಸಿಟ್ಟನ್ನೂ ಉಣ್ಣಬೇಕಾಗುತ್ತದೆ.

ಸಭೆಯು ಎರಡಾಗುವ ಕಾಲದಲ್ಲಿ ಸಭಾಪಾಲಕನ ಸ್ಥಿತಿಯೂ ಹೀಗೆಯೇ ಇರುತ್ತದೆ. ನಾವು ಪಾಲು ಕೇಳುತ್ತೇವೆ, ಪಾಲಕನನ್ನು ಮರೆಯುತ್ತೇವೆ. ಗುಡಿ ಯಾರದು, ಗಂಟೆ ಯಾರದು, ಸಮಾಧಿಯ ಭೂಮಿ ಯಾರದು, ಕಾಣಿಕೆಯ ಪೆಟ್ಟಿಗೆಯ ಬೀಗದಕೈ ಯಾರ ಹತ್ತಿರ ಇರಬೇಕು ಎಂದು ವಾದಿಸುತ್ತೇವೆ. ವಾದಿಸುವ ನಾವು, ಆ ರಾತ್ರಿ ಅಯ್ಯನವರು ನಿದ್ದೆ ಮಾಡಿದರೋ ಇಲ್ಲವೋ ಎಂದು ಕೇಳುವದಿಲ್ಲ. ಆದದರಿಂದ ಭಿನ್ನತೆಯ ಕಾಲದಲ್ಲಿ ಪಾಲಕರಿಗಾಗಿಯೂ ಸಭಾನಾಯಕರಿಗಾಗಿಯೂ ನಾವು ಮಾಡತಕ್ಕ ಪ್ರಾರ್ಥನೆಯನ್ನು ಕುರಿತು ಈ ತಿಂಗಳಲ್ಲಿ ಧ್ಯಾನಿಸೋಣ.

ಭಿನ್ನತೆಯೂ ಐಕ್ಯವೂ ನಮ್ಮ ಸೀಮೆಗೆ ಹೊಸವಲ್ಲ. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದರು. ಅವರೂ ಅವರ ಜೊತೆಗೆಲಸದವರಾದ ವಿಲಿಯಂ ರೀವ್ ಮುಂತಾದವರೂ ಈ ಊರಿನಲ್ಲಿ ಕೂತು ಕನ್ನಡ ಕಲಿತು, ವರುಷಗಟ್ಟಲೆ ದುಡಿದದರ ಫಲವಾಗಿ 1831ರ ಹೊತ್ತಿಗೆ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಸಿಕ್ಕಿತು. ದಕ್ಷಿಣದಿಂದ ಬಂದ ಸಮುವೇಲ ಫ್ಲೇವೆಲ್ ಎಂಬ ಭಾರತೀಯ ದೈವಸೇವಕರು 1847ರಲ್ಲಿ ತೀರಿಹೋಗುವ ತನಕ ಇದೇ ಊರಿನಲ್ಲಿ ಮಂದೆಯನ್ನು ಮೇಯಿಸಿದರು. 1876ರಿಂದ 1878ರ ವರೆಗಿನ ದೊಡ್ಡ ಬರವು ಬಳ್ಳಾರಿ ಸೀಮೆಯನ್ನು ಬಹಳವಾಗಿ ಬಾಧಿಸಿತು. ಹೀಗೆ ಬರದಲ್ಲಿಯೂ ಬೆಳೆಯಲ್ಲಿಯೂ ನಮ್ಮ ಪೂರ್ವಿಕರು ವಾಕ್ಯವನ್ನು ಹಿಡುಕೊಂಡರು. ಆದರೆ ವಾಕ್ಯವನ್ನು ತಂದವರೊಡನೆ ಅವರವರ ಪರದೇಶದ ಸಭೆಗಳ ಹೆಸರುಗಳೂ ಬಂದವು. ಒಂದು ತಾಲೂಕಿನವರು ಒಂದು ಮಿಶನಿನವರಾದರು, ಮುಂದಿನ ಸೀಮೆಯವರು ಇನ್ನೊಂದು ಮಿಶನಿನವರಾದರು. ಬೀಗರ ಊರಿಗೆ ಹೋದ ವಿಶ್ವಾಸಿಯು ಅಲ್ಲಿಯ ಕರ್ತನ ಭೋಜನದ ಮೇಜಿಗೆ ಬರಬಹುದೋ ಬಾರದೋ ಎಂದು ಬಾಗಿಲಲ್ಲಿ ನಿಂತು ಯೋಚಿಸಬೇಕಾಯಿತು.

ಈ ನೋವನ್ನು ಮೊದಲು ಬಾಯಿಬಿಟ್ಟು ಹೇಳಿದವರಲ್ಲಿ ನಮ್ಮ ದೇಶದ ಪಾಲಕರೇ ಹೆಚ್ಚಾಗಿದ್ದರು. ಲಂಡನ್ ಮಿಶನಿನ ಸಭೆಗಳು 1908ರಲ್ಲಿ ಬೇರೆ ಕೆಲವು ಸಭೆಗಳೊಡನೆ ಸೇರಿ ದಕ್ಷಿಣ ಭಾರತ ಐಕ್ಯ ಸಭೆಯಾದವು. 1919ನೇ ಮೇ ತಿಂಗಳಿನ 1 ಮತ್ತು 2ನೇ ದಿನಗಳಲ್ಲಿ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ 33 ಮಂದಿ ಸೇರಿದರು. ಅವರಲ್ಲಿ ಇಬ್ಬರ ಹೊರತು ಉಳಿದವರೆಲ್ಲರೂ ಭಾರತೀಯರು. ಈ ಭೇದಗಳನ್ನು ನಾವು ಹುಟ್ಟಿಸಲಿಲ್ಲ, ಇವುಗಳನ್ನು ಶಾಶ್ವತಮಾಡುವ ಇಷ್ಟವೂ ನಮಗಿಲ್ಲ ಎಂಬದೇ ಅವರ ಅಭಿಪ್ರಾಯವಾಗಿತ್ತು. ಅವರ ಮುಂದಾಳುಗಳಲ್ಲಿ ದೋರ್ನಕಲಿನ ಬಿಷಪರಾದ ವಿ. ಎಸ್. ಅಜರಯ್ಯನವರು ಒಬ್ಬರು. ಮುಂದಿನ ವರುಷದಿಂದ ಕೂಡಿದ ಮಂಡಲಿಯು ಒಂದೊಂದು ವಿಷಯವನ್ನು ತೂಕಮಾಡುತ್ತಾ, ಕೆಲವು ಸಾರಿ ಮುರಿದುಬೀಳುವಷ್ಟರ ಮಟ್ಟಿಗೆ ಬಂದು, ತಿರಿಗಿ ಮೊಣಕಾಲೂರುತ್ತಾ, ಹಲವು ವರುಷ ಕಳೆಯಿತು. ಅಜರಯ್ಯನವರು 1945ನೇ ಜನವರಿ 1ರಂದು ತೀರಿಹೋದರು. ಅವರು ಯಾವದಕ್ಕಾಗಿ ಅಷ್ಟು ವರುಷ ಪ್ರಾರ್ಥಿಸಿದರೋ ಅದು 1947ನೇ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ದೇವಾಲಯದಲ್ಲಿ ನೆರವೇರಿತು. ಐಕ್ಯ ಸಭೆಯೂ, ಆಂಗ್ಲಿಕನ್ ಸಭೆಯ ನಾಲ್ಕು ಸಭಾಪ್ರಾಂತಗಳೂ, ದಕ್ಷಿಣದ ಮೆಥೊಡಿಸ್ಟ್ ಸಭೆಯೂ ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಬಿತ್ತಿದವರು ಬೇರೆ, ಸುಗ್ಗಿಯನ್ನು ಕಂಡವರು ಬೇರೆ.

ಆದರೆ ಆ ದಿನ ಎಲ್ಲರೂ ಒಳಗೆ ಬರಲಿಲ್ಲವೆಂಬದನ್ನು ನಾವು ಮರೆಮಾಡಬಾರದು. ನಮ್ಮ ನೆರೆಯ ನಂದ್ಯಾಲ ಸೀಮೆಯಲ್ಲಿ ಆಂಗ್ಲಿಕನ್ ಸಭೆಯವರಲ್ಲಿ ಬಹುಮಂದಿ ಹೊಸ ಸಭೆಗೆ ಸೇರದೆ ಹೊರಗೆ ನಿಂತರು. ತಂದೆತಾಯಿಗಳ ಆರಾಧನಾಕ್ರಮವು ಕೈಬಿಟ್ಟುಹೋದೀತೆಂಬ ಭಯವು ಅವರಿಗಿತ್ತು. ಒಂದೇ ವಂಶದವರು ಎರಡು ಕಡೆಯಾದರು. ಒಂದೇ ಸೀಮೆಯಲ್ಲಿ ಇಬ್ಬರು ಪಾಲಕರು ನಡೆದಾಡಿದರು. ಆ ಸಭೆಗಳ ಬಹುಭಾಗವು ಒಳಗೆ ಬಂದದ್ದು 1970ರ ದಶಕದಲ್ಲಿ, ಅಂದರೆ ಸುಮಾರು ಒಂದು ತಲೆಮಾರು ಕಳೆದ ಮೇಲೆ. ಅಷ್ಟು ವರುಷ ಆ ಎರಡು ಕಡೆಯ ಪಾಲಕರು ದಾರಿಯಲ್ಲಿ ಎದುರಾದಾಗ ಏನು ಮಾತಾಡಿಕೊಂಡಿರಬಹುದು ಎಂದು ಸ್ವಲ್ಪ ಯೋಚಿಸಿರಿ.

ಐಕ್ಯಕ್ಕೆ ಬಂದವರ ನಡುವೆಯೂ ಭಯವು ಇಲ್ಲದಿರಲಿಲ್ಲ. ಬಿಷಪರಿಂದ ಹಸ್ತಾರ್ಪಣೆ ಹೊಂದಿದವರೂ ಹೊಂದದವರೂ ಒಂದೇ ಸಭೆಯಲ್ಲಿ ಪಾಲಕರಾದದರಿಂದ, ಯಾವ ಸಭೆಯ ಮೇಲೆಯೂ ಅದರ ಮನಸ್ಸಾಕ್ಷಿಯನ್ನು ನೋಯಿಸುವ ಪಾಲಕನನ್ನಾಗಲಿ ಆರಾಧನೆಯನ್ನಾಗಲಿ ಬಲವಂತವಾಗಿ ಹೇರುವದಿಲ್ಲವೆಂದು ಪರಸ್ಪರ ವಾಗ್ದಾನ ಮಾಡಿಕೊಂಡರು. ಮುಂದೆ ಸೇವೆಗೆ ಬರುವವರೆಲ್ಲರೂ ಬಿಷಪರಿಂದಲೇ ಹಸ್ತಾರ್ಪಣೆ ಹೊಂದುವಂತೆ ಗೊತ್ತುಮಾಡಿ, ಸೇವಕರೊಳಗೆ ಭೇದವು ತಾನಾಗಿ ಕರಗುವದಕ್ಕೆ 30 ವರುಷಗಳನ್ನು ಬಿಟ್ಟರು. ಕಾನೂನು ಒಂದು ದಿನದಲ್ಲಿ ಆಗಬಹುದು. ಹೃದಯಗಳು ಕೂಡುವದಕ್ಕೆ ತಾಳ್ಮೆ ಬೇಕು, ತಾಳ್ಮೆಗೆ ಪ್ರಾರ್ಥನೆ ಬೇಕು ಎಂಬದನ್ನು ಆ ಹಿರಿಯರು ತಿಳಿದಿದ್ದರು.

ಈಗ ವೇದಭಾಗಕ್ಕೆ ಬರೋಣ. ರೆಫೀದೀಮಿನಲ್ಲಿ ಅಮಾಲೇಕ್ಯರು ಇಸ್ರಾಯೇಲ್ಯರ ಮೇಲೆ ಬಿದ್ದರು. ಯೆಹೋಶುವನು ಬೈಲಿನಲ್ಲಿ ಯುದ್ಧಮಾಡಿದನು. ಮೋಶೆಯು ಗುಡ್ಡದ ಮೇಲೆ ಕೈಯೆತ್ತಿ ನಿಂತನು. ಕೈ ಮೇಲಿದ್ದಾಗ ಜನರು ಗೆದ್ದರು. ಕೈ ಇಳಿದಾಗ ಸೋತರು. ಮೋಶೆಯು ದೇವರ ಮನುಷ್ಯನಾಗಿದ್ದರೂ ಅವನ ಕೈ ಮಾಂಸದ ಕೈ, ಅದು ಭಾರವಾಯಿತು. ಆಗ ಅವನನ್ನು ಒಂದು ಕಲ್ಲಿನ ಮೇಲೆ ಕೂಡ್ರಿಸಿ, ಆರೋನನೂ ಹೂರನೂ ಹೊತ್ತು ಮುಳುಗುವ ತನಕ ಅವನ ಕೈಗಳಿಗೆ ಆಧಾರವಾದರು.

ಕಲ್ಲಿನ ಸೀಮೆಯವರಾದ ನಮಗೆ ಈ ಚಿತ್ರವು ಚೆನ್ನಾಗಿ ಕಾಣುತ್ತದೆ. ಬಳ್ಳಾರಿಯ ಗುಡ್ಡವನ್ನೂ ಕುರುಗೋಡಿನ ಬೆಟ್ಟವನ್ನೂ ಏರಿದವರಿಗೆ, ನಡುಹಗಲಿನಲ್ಲಿ ಅಂಥ ಬಂಡೆಯ ಮೇಲೆ ಕೈಯೆತ್ತಿ ನಿಲ್ಲುವದು ಎಂಥದ್ದೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಇದರಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಒಬ್ಬನು ಈ ಕಡೆ, ಒಬ್ಬನು ಆ ಕಡೆ ನಿಂತರು. ಇಬ್ಬರೂ ಒಂದೇ ಕಡೆ ನಿಂತಿದ್ದರೆ ಒಂದು ಕೈ ಇಳಿದುಹೋಗುತ್ತಿತ್ತು. ಸಭೆಯಲ್ಲಿ ಈ ಕಡೆಯವರು, ಆ ಕಡೆಯವರು ಎಂಬ ಮಾತು ಹುಟ್ಟಿದಾಗ ನಾವು ಹೆದರುತ್ತೇವೆ. ಈ ಕಡೆಯವರು ಒಂದು ಕೈಯನ್ನು, ಆ ಕಡೆಯವರು ಇನ್ನೊಂದು ಕೈಯನ್ನು ಹಿಡಿದು ಮೇಲಕ್ಕೆತ್ತಿದರೆ ಕಡೆಗಳೆರಡರಿಂದಲೂ ಪಾಲಕನಿಗೆ ಆಧಾರವಾಗುವದು. ಇಬ್ಬರೂ ಕೆಳಕ್ಕೆ ಎಳೆದರೆ ಅಮಾಲೇಕನೇ ಗೆಲ್ಲುವನು.

ಮೊದಲನೆಯದಾಗಿ, ಪಾಲಕರಿಗೆ ಭಿನ್ನತೆಯ ಕಾಲದಲ್ಲಿ ನಮ್ಮ ಪ್ರಾರ್ಥನೆಯು ಯಾಕೆ ಹೆಚ್ಚಾಗಿ ಬೇಕು? ಸಿರುಗುಪ್ಪೆಯ ಗದ್ದೆಯವರಿಗೆ ನೀರುಗಂಟಿಯ ಪಾಡು ಗೊತ್ತು. ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಮೇಲಿನ ಗದ್ದೆಯವನು ಅವನನ್ನು ಬೈಯುತ್ತಾನೆ, ಕೆಳಗಿನ ಗದ್ದೆಯವನೂ ಬೈಯುತ್ತಾನೆ. ಅವನು ನೀರನ್ನು ಹುಟ್ಟಿಸುವವನಲ್ಲ. ಬಂದ ನೀರನ್ನು ಸರದಿಯಂತೆ ಬಿಡುವವನು ಮಾತ್ರ. ಪಾಲಕನೂ ವಾಕ್ಯವನ್ನು ಹುಟ್ಟಿಸುವವನಲ್ಲ. ಎರಡು ಕಡೆಯ ಗದ್ದೆಗೂ ಅದೇ ವಾಕ್ಯವನ್ನು ಹರಿಸಬೇಕಾದ ಅವನನ್ನು ಎರಡು ಕಡೆಯವರೂ ಸಂಶಯದಿಂದ ನೋಡುತ್ತಾರೆ. ಅವನು ಮೌನವಾಗಿದ್ದರೆ ಹೇಡಿಯೆನ್ನುತ್ತೇವೆ, ಮಾತಾಡಿದರೆ ಪಕ್ಷಪಾತಿಯೆನ್ನುತ್ತೇವೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಸಭಾನಾಯಕರು ನಮ್ಮ ಆತ್ಮಗಳನ್ನು ಕಾಯುವವರೆಂದೂ ಅದಕ್ಕಾಗಿ ಲೆಕ್ಕ ಒಪ್ಪಿಸಬೇಕಾದವರೆಂದೂ ಹೇಳಿದೆ. ಅವರು ಆ ಕೆಲಸವನ್ನು ನರಳುತ್ತಾ ಮಾಡಿದರೆ ನಮಗೇ ನಷ್ಟವೆಂದು ಸಹ ಹೇಳಿದೆ. ಅದರ ಮುಂದಿನ ವಚನದಲ್ಲಿಯೇ ಬರೆದವನು ತನಗಾಗಿ ಪ್ರಾರ್ಥಿಸಬೇಕೆಂದು ಬೇಡಿಕೊಳ್ಳುತ್ತಾನೆ. ಅಪೊಸ್ತಲರ ಕಾಲದ ನಾಯಕರಿಗೆ ಬೇಕಾದದ್ದು ನಮ್ಮ ಅಯ್ಯನವರಿಗೂ ಉಪದೇಶಿಗಳಿಗೂ ಬೇಡವೇ?

ಎರಡನೆಯದಾಗಿ, ಪಾಲಕರು ತಪ್ಪಿದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ದಾಟಿಹೋಗುವದು ಪ್ರಾಮಾಣಿಕತನವಲ್ಲ. ಪದವಿಯ ಆಶೆ, ಆಸ್ತಿಯ ವ್ಯಾಜ್ಯ, ಸಭಾಚುನಾವಣೆಯ ಜಗಳ, ಕೋರ್ಟಿನ ಮೆಟ್ಟಲು ಇವೆಲ್ಲಾ ನಮ್ಮ ಕಾಲದ ಸಭೆಗಳಲ್ಲಿ ಉಂಟು. ಪ್ರಾರ್ಥನೆಯೆಂದರೆ ಕಣ್ಣುಮುಚ್ಚಿ ಕಳ್ಳಲೆಕ್ಕವನ್ನು ಒಪ್ಪಿಕೊಳ್ಳುವದಲ್ಲ. ಆರೋನನ ಸಂಗತಿಯನ್ನು ನೋಡಿರಿ. ಮೋಶೆಯ ಕೈ ಹಿಡಿದ ಅದೇ ಆರೋನನು ಮುಂದೆ ಜನರ ಒತ್ತಾಯಕ್ಕೆ ಬಗ್ಗಿ ಬಂಗಾರದ ಕರುವನ್ನು ಮಾಡಿಕೊಟ್ಟನು. ಮೋಶೆಯು ಬೆಟ್ಟದಿಂದ ಇಳಿದು ಬಂದು, ಅವನನ್ನು ಮುಖಾಮುಖಿಯಾಗಿ ಪ್ರಶ್ನೆಮಾಡಿದನು. ಆದರೆ ಧರ್ಮೋಪದೇಶಕಾಂಡದ 9ನೇ ಅಧ್ಯಾಯದಲ್ಲಿ ಇನ್ನೊಂದು ಮಾತು ಇದೆ: ದೇವರು ಆರೋನನ ಮೇಲೆ ಬಹಳ ಕೋಪಗೊಂಡ ಆ ಕಾಲದಲ್ಲಿಯೇ ಮೋಶೆಯು ಆರೋನನಿಗಾಗಿಯೂ ವಿಜ್ಞಾಪಿಸಿದನು. ಗದರಿಸಿದ ಬಾಯಿಯೇ ಬೇಡಿಕೊಂಡಿತು. ನಾವಾದರೋ ಇವೆರಡರಲ್ಲಿ ಒಂದನ್ನೂ ಮಾಡುವದಿಲ್ಲ. ಮುಖದೆದುರಿಗೆ ಕೇಳುವದಿಲ್ಲ, ದೇವರೆದುರಿಗೆ ಬೇಡುವದಿಲ್ಲ. ಚಹದ ಅಂಗಡಿಯಲ್ಲಿ ಮಾತ್ರ ಮಾತಾಡುತ್ತೇವೆ. ಸಭೆಯ ಹಣದ ಲೆಕ್ಕವನ್ನು ಕೂಟದಲ್ಲಿ ಬಹಿರಂಗವಾಗಿ ಕೇಳಿರಿ. ಕೇಳುವದಕ್ಕೆ ಮುಂಚೆ ಆ ಲೆಕ್ಕ ಇಟ್ಟವನಿಗಾಗಿ ಮೊಣಕಾಲೂರಿರಿ. ಆಗ ನಿಮ್ಮ ಪ್ರಶ್ನೆಯಲ್ಲಿ ಸತ್ಯವು ಉಳಿಯುವದು, ವಿಷವು ಹೋಗುವದು.

ಮೂರನೆಯದಾಗಿ, ಆಚೆಯ ಸಭೆಯ ಪಾಲಕನಿಗಾಗಿಯೂ ಪ್ರಾರ್ಥಿಸಬೇಕು. ಇದು ಕಠಿಣವಾದದ್ದು. ಕೊರಿಂಥದಲ್ಲಿ ಒಬ್ಬನು ತಾನು ಪೌಲನವನೆಂದನು, ಒಬ್ಬನು ಅಪೊಲ್ಲೋಸನವನೆಂದನು, ಮತ್ತೊಬ್ಬನು ಕೇಫನವನೆಂದನು. ಆ ಮೂವರು ಸೇವಕರಲ್ಲಿ ಯಾರೂ ಅಂಥ ಗುಂಪನ್ನು ಕಟ್ಟಿರೆಂದು ಹೇಳಿರಲಿಲ್ಲ. ಜನರೇ ಸೇವಕರ ಹೆಸರುಗಳನ್ನು ಬಾವುಟಗಳಾಗಿ ಮಾಡಿದರು. ಪೌಲನೂ ಬಾರ್ನಬನೂ ಮಾರ್ಕನ ವಿಷಯದಲ್ಲಿ ತೀಕ್ಷ್ಣವಾಗಿ ವಾದಿಸಿ ಬೇರೆ ಬೇರೆ ದಾರಿ ಹಿಡಿದರೆಂದು ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯದಲ್ಲಿ ಓದುತ್ತೇವೆ. ಆದರೆ ಅದೇ ಪೌಲನು ತನ್ನ ಕಡೇ ಕಾಲದಲ್ಲಿ, ಸೆರೆಮನೆಯಿಂದ, ಆ ಮಾರ್ಕನನ್ನು ಕರಕೊಂಡು ಬಾ, ಅವನು ಸೇವೆಗೆ ನನಗೆ ಉಪಯುಕ್ತನು ಎಂಬ ಅಭಿಪ್ರಾಯದಿಂದ ತಿಮೊಥೆಯನಿಗೆ ಬರೆದನು. ಜಗಳವಾಡಿದ ದಿನಕ್ಕೂ ಆ ಪತ್ರಕ್ಕೂ ನಡುವೆ ಎಷ್ಟೋ ವರುಷ ಕಳೆದವು. ಆ ವರುಷಗಳಲ್ಲಿ ದೇವರು ಸುಮ್ಮನೆ ಇರಲಿಲ್ಲ.

ಈ ಮಾತುಗಳನ್ನು ಬರೆಯುವ ನಾನು ನಿಮಗಿಂತ ಒಳ್ಳೆಯವನೆಂದು ತಿಳಿಯಬೇಡಿರಿ. ಬಹಳ ವರುಷಗಳ ಹಿಂದೆ ನಾನಿದ್ದ ಸಭೆಯಲ್ಲಿ ಎರಡು ಪಕ್ಷಗಳಾದವು. ನಾನು ಒಂದು ಪಕ್ಷದ ಹಿರಿಯನಾಗಿದ್ದೆನು. ನಮ್ಮ ಪಾಲಕರು ಆಚೆ ಪಕ್ಷದ ಒಬ್ಬ ರೋಗಿಯ ಮನೆಗೆ ಹೋಗಿ ಪ್ರಾರ್ಥಿಸಿ, ಅಲ್ಲಿಯೇ ಊಟಮಾಡಿ ಬಂದರು. ನಾವು ಅದನ್ನು ದ್ರೋಹವೆಂದೆವು. ಸುಗ್ಗಿಯಲ್ಲಿ ಅವರ ಮನೆಗೆ ಕೊಡುತ್ತಿದ್ದ ಜೋಳವನ್ನು ನಿಲ್ಲಿಸಿದೆವು. ಅವರ ಹೆಂಡತಿಯು ಬಾವಿಗೆ ಬಂದರೆ ನಮ್ಮ ಹೆಂಗಸರು ಮಾತಾಡದಂತೆ ಮಾಡಿದೆವು. ಆ ಮಳೆಗಾಲದಲ್ಲಿ ನನ್ನ ತಾಯಿಯು ಹಾಸಿಗೆ ಹಿಡಿದಳು. ನಾನು ಅಯ್ಯನವರಿಗೆ ಹೇಳಿಕಳುಹಿಸಲಿಲ್ಲ. ನನ್ನ ಮುಖ ಸಣ್ಣದಾದೀತೆಂದು ಹೆದರಿದೆನು. ಅವರು ಕರೆಯದೆಯೇ ರಾತ್ರಿಯಲ್ಲಿ, ಸೈಕಲನ್ನು ಕೆಸರಿನಲ್ಲಿ ತಳ್ಳಿಕೊಂಡು ಬಂದರು. ತಾಯಿಯ ತಲೆಯ ಬಳಿ ಕೂತು, ಪ್ರಾರ್ಥನೆಯಲ್ಲಿ ನಮ್ಮ ಮನೆಯವರೆಲ್ಲರ ಹೆಸರನ್ನೂ, ಹೊಸದಾಗಿ ಹುಟ್ಟಿದ ಮೊಮ್ಮಗುವಿನ ಹೆಸರನ್ನು ಸಹ, ಒಂದೂ ತಪ್ಪದೆ ಹೇಳಿದರು. ಆ ಮಗುವಿನ ಹೆಸರು ನಿಮಗೆ ಹೇಗೆ ಗೊತ್ತಾಯಿತೆಂದು ನಾನು ಬಾಗಿಲಲ್ಲಿ ಕೇಳಿದೆನು. ಪ್ರತಿದಿನ ಹೇಳುವ ಹೆಸರಲ್ಲವೇ ಎಂದು ಹೇಳಿ ಅವರು ಹೊರಟುಹೋದರು.

ಅವರು ನನ್ನ ಹೆಸರನ್ನು ದೇವರ ಮುಂದೆ ದಿನಾಲು ತಕ್ಕೊಂಡಿದ್ದರು. ನಾನು ಅವರ ಹೆಸರನ್ನು ಊರಿನ ಮುಂದೆ ದಿನಾಲು ತಕ್ಕೊಂಡಿದ್ದೆನು. ಕೆಲವು ತಿಂಗಳಲ್ಲಿ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಮುಂದಿನ ಹಬ್ಬಕ್ಕೆ ಹೋಗಿ ಕ್ಷಮೆ ಕೇಳಬೇಕೆಂದು ಪ್ರತಿ ಹಬ್ಬದಲ್ಲಿಯೂ ಅಂದುಕೊಂಡೆನು. ಒಂದು ದಿನ ಅವರ ಮರಣದ ಸುದ್ದಿ ಬಂತು. ಪ್ರಿಯರೇ, ದೇವರು ನನ್ನನ್ನು ಕ್ಷಮಿಸಿದ್ದಾನೆಂದು ನಂಬುತ್ತೇನೆ. ಆದರೆ ಆ ಮನೆಯ ಬಾಗಿಲಿಗೆ ಜೋಳದ ಚೀಲ ಹೊತ್ತುಕೊಂಡು ಹೋಗುವ ಭಾಗ್ಯವು ನನಗೆ ಇನ್ನು ಸಿಗಲಾರದು. ನಿಮಗೆ ಇನ್ನೂ ಸಮಯವಿದ್ದರೆ ತಡಮಾಡಬೇಡಿರಿ.

ಹಾಗಾದರೆ ಹೇಗೆ ಪ್ರಾರ್ಥಿಸಬೇಕು? ಓದು ಬಾರದ ತಾಯಂದಿರು ಸಹ ಮಾಡಬಹುದಾದ ಕೆಲವು ಸುಲಭ ಕ್ರಮಗಳನ್ನು ಹೇಳುತ್ತೇನೆ. ಸಂಜೆ ದೀಪ ಹಚ್ಚಿ ಕುಟುಂಬ ಪ್ರಾರ್ಥನೆಗೆ ಕೂತಾಗ, ಸಭಾಪಾಲಕರೆಂದು ಮಾತ್ರ ಹೇಳದೆ, ಅವರ ಹೆಸರನ್ನೂ ಅವರ ಹೆಂಡತಿ ಮಕ್ಕಳ ಹೆಸರುಗಳನ್ನೂ ಹೇಳಿರಿ. ಹೆಸರು ಹೇಳಿ ಬೇಡಿಕೊಂಡವನ ಮೇಲೆ ಹಗೆಯನ್ನು ಬಹಳ ದಿನ ಇಟ್ಟುಕೊಳ್ಳುವದು ಕಷ್ಟ. ಪಾಲಕರ ವಿಷಯವಾಗಿ ಒಂದು ದೂರನ್ನು ಬಾಯಿಂದ ಬಿಡುವದಕ್ಕೆ ಮುಂಚೆ ಒಂದು ಬಿನ್ನಹವನ್ನು ಬಿಡಿರಿ. ವಾರದಲ್ಲಿ ಒಂದು ದಿನವನ್ನು ನಿಮ್ಮಿಂದ ಬೇರೆಯಾದ ಸಭೆಯ ಸೇವಕನಿಗಾಗಿ ಮೀಸಲಿಡಿರಿ. ಅವನು ಸೋಲಬೇಕೆಂದಲ್ಲ, ಅವನಿಗೆ ಒಳ್ಳೆಯದಾಗಬೇಕೆಂದು ಬೇಡಿರಿ. ಬಿಷಪರಿಗಾಗಿಯೂ ಸಭಾಮಂಡಲಿಗಳಲ್ಲಿ ಕೂತವರಿಗಾಗಿಯೂ, ಅವರು ಕುರ್ಚಿಯನ್ನಲ್ಲ ಶಿಲುಬೆಯನ್ನು ನೋಡುವಂತೆ ಬೇಡಿಕೊಳ್ಳಿರಿ. ಪ್ರಾರ್ಥಿಸಿದ ಕೈ ಬರಿದಾಗಿರಬಾರದು. ಪಾಲಕರ ಅಡಿಗೆಮನೆಯಲ್ಲಿ ಹಿಟ್ಟು ಉಂಟೋ ಇಲ್ಲವೋ ಎಂದು ನೋಡಿರಿ.

ನಾವು ಬೇಡಿದ್ದು ಆಗುವದೋ ಎಂದು ಸಂಶಯಪಡುವವರು ಉಂಟು. ಪೇತ್ರನು ಸೆರೆಯಲ್ಲಿದ್ದಾಗ ಸಭೆಯವರು ಮರಿಯಳ ಮನೆಯಲ್ಲಿ ಕೂಡಿ ಅವನಿಗಾಗಿ ಆಸಕ್ತಿಯಿಂದ ಪ್ರಾರ್ಥಿಸುತ್ತಿದ್ದರು. ದೇವದೂತನು ಬಿಡಿಸಿದ ಪೇತ್ರನು ಬಂದು ಬಾಗಿಲು ತಟ್ಟಿದನು. ರೋದೆಯೆಂಬ ಹುಡುಗಿಯು ಓಡಿಬಂದು ಹೇಳಿದರೆ, ಪ್ರಾರ್ಥಿಸುತ್ತಿದ್ದ ಅವರೇ ನಂಬಲಿಲ್ಲ; ಹುಚ್ಚಿಯೆಂದರು. ಹೀಗೆ ಅಲ್ಪವಿಶ್ವಾಸಿಗಳು ಮಾಡಿದ ಪ್ರಾರ್ಥನೆಯನ್ನು ಕೂಡ ದೇವರು ತಳ್ಳಿಬಿಡಲಿಲ್ಲ. ಆದದರಿಂದ ನಮ್ಮ ವಿಶ್ವಾಸವು ಸಣ್ಣದೆಂದು ಬಾಯಿ ಮುಚ್ಚಿಕೊಳ್ಳಬಾರದು. ಬಾಗಿಲು ತಟ್ಟುವ ಶಬ್ದಕ್ಕೆ ಮಾತ್ರ ಕಿವಿಗೊಟ್ಟಿರಬೇಕು.

ಸಿರುಗುಪ್ಪೆಯ ಬಳಿಯಲ್ಲಿ ತುಂಗಭದ್ರೆಯು ಎರಡಾಗಿ ಸೀಳಿ ದೇಶನೂರಿನ ನಡುಗಡ್ಡೆಯನ್ನು ಸುತ್ತಿಕೊಂಡು ಹರಿಯುವದನ್ನು ನೀವು ನೋಡಿದ್ದೀರಿ. ಈ ಕವಲಿನ ದಡದಲ್ಲಿ ನಿಂತವನಿಗೆ ಆ ಕವಲು ಕಾಣುವದಿಲ್ಲ; ತನ್ನೆದುರಿಗೆ ಇರುವದೇ ಹೊಳೆಯೆಂದು ಅವನು ತಿಳಿಯುತ್ತಾನೆ. ಆದರೆ ಎರಡರ ನೀರೂ ಒಂದೇ ಕಡೆಯಿಂದ ಬಂದದ್ದು, ಒಂದೇ ಕಡೆಗೆ ಹೋಗುವದು. ತನ್ನವರೆಲ್ಲರೂ ಒಂದಾಗಿರಬೇಕೆಂದು ಶಿಲುಬೆಯ ಹಿಂದಿನ ರಾತ್ರಿ ಬೇಡಿಕೊಂಡ ಕರ್ತನ ಪ್ರಾರ್ಥನೆಯು ಇನ್ನೂ ಮುಗಿದಿಲ್ಲ. ಅದರಲ್ಲಿ ನಮ್ಮ ಚಿಕ್ಕ ಸ್ವರವನ್ನು ಕೂಡಿಸೋಣ.

ಕರ್ತನಾದ ದೇವರೇ, ನಮ್ಮ ಪಾಲಕರ ಕೈಗಳು ಭಾರವಾಗಿವೆ. ಅವರನ್ನು ಭಾರಗೊಳಿಸಿದವರಲ್ಲಿ ನಾವೂ ಇದ್ದೇವೆಂದು ಅರಿಕೆಮಾಡುತ್ತೇವೆ. ಅವರಿಗೆ ಸತ್ಯವನ್ನು ಹೇಳುವ ಧೈರ್ಯವನ್ನೂ, ತಪ್ಪಿದಾಗ ತಿರುಗಿಕೊಳ್ಳುವ ದೀನತೆಯನ್ನೂ ಅನುಗ್ರಹಿಸು. ನಮ್ಮಿಂದ ಬೇರೆಯಾದ ಸಹೋದರರನ್ನೂ ಅವರ ಸೇವಕರನ್ನೂ ಆಶೀರ್ವದಿಸು. ಈ ಕಡೆ ಆ ಕಡೆ ನಿಂತಿರುವ ನಮ್ಮನ್ನು ಹೊತ್ತು ಮುಳುಗುವ ತನಕ ಆಧಾರವಾಗಿ ನಿಲ್ಲುವಂತೆ ಮಾಡು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.